ವಾಚಿನ ಕತೆಯನ್ನೇ ಕೊಡಿ

ಪ್ರಶ್ನೆ: ನನಗೆ 34 ವರ್ಷ. ಸಣ್ಣಕತೆ ಬರೆಯುತ್ತೇನೆ. ಒಳ್ಳೆಯ ಐಡಿಯಾ ಹೊಳೆದರೆ, ಮುಂದೆ ಬರೆಯುವ ಕಾದಂಬರಿಗೆ ಇರಲಿ ಅಂತ ನೋಟ್‌ಬುಕ್‌ನಲ್ಲಿ ಎತ್ತಿಡುತ್ತೇನೆ. ಈಗ ಒಂದು ಪತ್ರಿಕೆಯವರು ಕತೆ ಕೇಳಿದ್ದಾರೆ. ಅಪ್ಪ ತೀರಿಕೊಂಡ ಮೇಲೂ ಅವರ ವಾಚಿಗೆ ದಿನಾ ಕೀ ಕೊಟ್ಟು, ಅವರಂತೆಯೇ ಐದು ನಿಮಿಷ ಮುಂದೆ ಇಡುವ ಮಗನ ಕತೆ ನನ್ನ ಬಳಿ ಇದೆ. ಅದೇ ನನ್ನ ಅತ್ಯುತ್ತಮ ಐಡಿಯಾ. ಅದನ್ನು ಈಗಲೇ ಕೊಟ್ಟುಬಿಟ್ಟರೆ ಕಾದಂಬರಿಗೆ ಏನು ಉಳಿಯುತ್ತದೆ? ಸಾಧಾರಣದ್ದೊಂದು ಬರೆದುಕೊಡಲೇ?

ಉತ್ತರ: ಬೇಡ, ವಾಚಿನ ಕತೆಯನ್ನೇ ಕೊಡಿ. ನಿಮ್ಮ ಪತ್ರ ಓದಿದಾಗಿನಿಂದ ಆ ಮಗ ಕೀ ತಿರುಗಿಸುತ್ತಿರುವುದು ನನ್ನ ಕಣ್ಣಿಗೆ ಕಟ್ಟಿದೆ.

ನಾನೂ ಹೀಗೆ ಕೂಡಿಟ್ಟವಳು. ಹನ್ನೊಂದು ವರ್ಷ ಹಳೆಯ ಡೈರಿಯೊಂದರಲ್ಲಿ ಎರಡು ಗೆರೆ ಎಳೆದು ಬರೆದುಕೊಂಡಿದ್ದೇನೆ: 'ಕಿಟಕಿಯಲ್ಲಿ ಹಸಿರು ಕೊಡೆ. ಮರೀಬಾರದು.' ಯಾರ ಕೊಡೆ, ಯಾವ ಕಿಟಕಿ, ಅದು ಯಾಕೆ ಅಷ್ಟು ತಟ್ಟಿತು, ಒಂದೂ ನೆನಪಿಗೆ ಬರುತ್ತಿಲ್ಲ. ಸಾಲು ಉಳಿದಿದೆ. ಅವತ್ತಿನ ಮನಸ್ಸು ಎಲ್ಲೋ ಹೋಗಿಬಿಟ್ಟಿದೆ. ಈಗಲೂ ಆ ಪುಟ ತೆರೆದರೆ ಸಂಕಟವಾಗುತ್ತದೆ.

ಇಟ್ಟುಕೊಂಡದ್ದು ನಮಗಾಗಿಯೇ ಕಾಯುತ್ತದೆ ಅಂತಲೂ ಇಲ್ಲ. ನ್ಯೂಟನ್ 1665–66ರ ಹೊತ್ತಿಗೇ ಕ್ಯಾಲ್ಕುಲಸ್ ಅನ್ನುವ ಗಣಿತದ ಮುಖ್ಯ ವಿಚಾರಗಳನ್ನು ಕಂಡುಕೊಂಡಿದ್ದರು. ಅಚ್ಚು ಹಾಕಿಸಲಿಲ್ಲ. ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ 1684ರಲ್ಲಿ ಪ್ರಕಟಿಸಿದರು. ಆಮೇಲೆ ಯಾರು ಮೊದಲು ಅಂತ ವರ್ಷಗಟ್ಟಲೆ ಜಗಳ. ಇವತ್ತು ತರಗತಿಗಳಲ್ಲಿ ಹೆಚ್ಚಾಗಿ ಬರೆಯುವುದು ಲೈಬ್ನಿಟ್ಸ್ ಕೊಟ್ಟ ಚಿಹ್ನೆಗಳನ್ನೇ. ಕತೆಯ ವಿಷಯದಲ್ಲೂ ಅಷ್ಟೇ, ಕಾಪಿರೈಟ್ ಸಿಗುವುದು ಬರೆದ ಬರಹಕ್ಕೆ. ಬರೀ ಐಡಿಯಾಕ್ಕೆ ಸಿಗುವುದಿಲ್ಲ.

ಇನ್ನು ಕಾದಂಬರಿಗೆ ಏನು ಉಳಿಯುತ್ತದೆ ಅಂತ ಕೇಳಿದ್ದೀರಿ. ಬರೆಯಲು ಕೂತು ನೋಡಿ. ವಾಚು ನಿಂತುಹೋದ ದಿನ ಮಗ ಏನು ಮಾಡುತ್ತಾನೆ? ಆ ಐದು ನಿಮಿಷದ ಬಗ್ಗೆ ಅಮ್ಮನಿಗೆ ಏನನ್ನಿಸುತ್ತದೆ? ಅಪ್ಪ ಯಾಕೆ ಹಾಗೆ ಇಡುತ್ತಿದ್ದರು? ಇವೆಲ್ಲ ಏಳುವುದು ಕೈಯಲ್ಲಿ ಪೆನ್ನು ಓಡುತ್ತಿರುವಾಗ. ಯಾರಿಗೆ ಗೊತ್ತು, ನಾಳೆ ಆ ಅಮ್ಮನೇ ನಿಮ್ಮ ಕಾದಂಬರಿಯಾಗಬಹುದು.

ಕಾಯಬೇಕಾದ ಐಡಿಯಾಗಳೂ ಇರುತ್ತವೆ, ಇಲ್ಲ ಅನ್ನುವುದಿಲ್ಲ. ಅರ್ಧ ಮಾತ್ರ ಹೊಳೆದಿದ್ದರೆ, ಇನ್ನೇನು ಬೇಕು ಅಂತ ನಿಮಗೆ ಖಚಿತವಾಗಿ ಗೊತ್ತಿದ್ದರೆ, ಕಾಯಿರಿ. 'ನಾನು ಇನ್ನೂ ಚೆನ್ನಾಗಿ ಬರೆಯುವಂತಾಗಲಿ, ಆಮೇಲೆ' ಅನ್ನುವುದಾದರೆ, ಸಾಧಾರಣದ್ದನ್ನೇ ಬರೆಯುತ್ತಾ ಕೂತರೆ ಅದು ಹೇಗೆ ಆಗುತ್ತದೆ ಹೇಳಿ? ಅಂದುಕೊಂಡಷ್ಟು ಚೆನ್ನಾಗಿ ಬರದೆ ಹೋದರೆ ಅನ್ನುವ ಅಳುಕೂ ಒಳಗೆ ಇದೆ, ಅಲ್ವಾ? ಬರದಿದ್ದರೆ ತಿದ್ದಬಹುದು. ಬರೆಯದೇ ಇರುವುದನ್ನು ಹೇಗೆ ತಿದ್ದುತ್ತೀರಿ?

ಈ ಭಾನುವಾರ ಒಂದು ಗಂಟೆ ಕೂರಿ. ಪತ್ರಿಕೆ, ಕಾದಂಬರಿ ಎರಡನ್ನೂ ಪಕ್ಕಕ್ಕಿಡಿ. ಮಗ ಬೆಳಿಗ್ಗೆ ಎದ್ದು ವಾಚು ಕೈಗೆತ್ತಿಕೊಳ್ಳುವ ಆ ಒಂದು ನಿಮಿಷ ಬರೆಯಿರಿ, ಸಾಕು. ಕತೆ ಅಚ್ಚಾದಾಗ ನನಗೂ ತಿಳಿಸಿ. ಸುಮ್ನೆ ಹೇಳುತ್ತಿಲ್ಲ, ಓದಬೇಕು ಅಂತ ಆಸೆಯಾಗಿದೆ.