ಕಲಿತವರು, ಕಲಿಯುವವರು, ನೋಡುವವರು: ಒಂದೇ ಮನೆಯ ಸ್ಕೀ ಪ್ರವಾಸ

ಪ್ರಶ್ನೆ: ಬರುವ ಫೆಬ್ರುವರಿಯಲ್ಲಿ ನಮ್ಮ ಮನೆಯ ಒಂಬತ್ತು ಮಂದಿ ಸ್ಕೀ ಮಾಡಲು, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರಲು, ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ನಾನು, ನನ್ನ ತಮ್ಮ ಉತ್ತರಾಖಂಡದ ಔಲಿಯಲ್ಲಿ ಸ್ಕೀ ಕೋರ್ಸ್ ಮಾಡಿದವರು. ಐದು ಮಂದಿ ಹಿಮವನ್ನೇ ಕಂಡಿಲ್ಲ, ಅದರಲ್ಲಿ ಹನ್ನೆರಡು ವರ್ಷದ ಮಗಳೂ ಇದ್ದಾಳೆ. ಕಾಕಾ, ಕಾಕುಗೆ ಅರವತ್ತು ದಾಟಿದೆ, ಕಾಕಾಗೆ ಮೊಣಕಾಲು ನೋವು. ‘ಎಲ್ಲಾರೂ ಕೂಡೇ ಆಡೋಣು, ನೀವಿಬ್ರೂ ನಮಗ ಕಲಸ್ರಿ’ ಅಂತ ಮನೆಯವರ ಹಟ. ಇದು ಆಗುವ ಮಾತೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೂಡಿ ಹೋಗಿ, ಕೂಡಿ ಉಣ್ಣಿ. ಇಳಿಜಾರಿನ ಮೇಲೆ ಮಾತ್ರ ಬೇರೆ ಬೇರೆ ಇರಿ. ಉಳಿದದ್ದೆಲ್ಲ ಆಮೇಲಿನ ಮಾತು.

ಮೊದಲು, ನೀವಿಬ್ಬರೂ ಕಲಿಸಲು ಹೋಗಬೇಡಿ. ಸ್ಕೀ ಮಾಡಲು ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಹೊಸಬರ ಮೊದಲ ಅರ್ಧ ದಿನ ಸಪಾಟಾದ ಹಿಮದ ಮೇಲೆಯೇ ಕಳೆಯುತ್ತದೆ. ಬೂಟು ಹಾಕಿ ನಡೆಯುವುದು, ಒಂದೇ ಕಾಲಿಗೆ ಸ್ಕೀ ಕಟ್ಟಿ ಜಾರುವುದು, ಅಡ್ಡಡ್ಡ ಹೆಜ್ಜೆಯಲ್ಲಿ ಮೇಲೇರುವುದು, ಬಿದ್ದರೆ ಏಳುವುದು. ನಂತರ ಸ್ಕೀಗಳ ಮುಂತುದಿ ಹತ್ತಿರ ತಂದು, ಹಿಮ್ಮಡಿ ಹೊರಕ್ಕೆ ದೂಡಿ ವೇಗ ತಗ್ಗಿಸುವ ಸ್ನೋಪ್ಲೌ. ಇಲ್ಲಿ ಹೆದರಿದವರೆಲ್ಲ ಹಿಂದಕ್ಕೆ ವಾಲುತ್ತಾರೆ. ವಾಲಿದೊಡನೆ ಮುಂಭಾಗದ ಮೇಲಿನ ಭಾರ ಹೋಗಿ ಸ್ಕೀ ತಿರುಗಿಸಿದಂತೆ ತಿರುಗುವುದಿಲ್ಲ, ಓಟ ಹೆಚ್ಚುತ್ತದೆ, ಹೆದರಿಕೆಯೂ ಹೆಚ್ಚುತ್ತದೆ. ಮೊಣಕಾಲು ಮುಂದೆ ಬಗ್ಗಿಸಿ, ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತುವಂತೆ ನಿಲ್ಲಿಸುವುದು ತರಬೇತುದಾರನ ಕೆಲಸ. ಅದಕ್ಕೆ ಬೇಕಾದ ತಾಳ್ಮೆ ಅಣ್ಣ-ತಮ್ಮ, ಗಂಡ-ಹೆಂಡತಿಯ ನಡುವೆ ಬಹಳ ಹೊತ್ತು ಉಳಿಯುವುದಿಲ್ಲ. ದೊಡ್ಡವರು ನಾಲ್ವರಿಗೆ ಒಬ್ಬರನ್ನು ಗೊತ್ತುಮಾಡಿ. ಮಗಳಿಗೆ ಸಾಧ್ಯವಾದರೆ ಬೇರೆಯವರೇ ಇರಲಿ, ಆಕೆ ದೊಡ್ಡವರಿಗಿಂತ ಬೇಗ ಕಲಿತು ಬೇಸರಪಡುತ್ತಾಳೆ.

ಖರ್ಚಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ತರಬೇತಿಯ ಹಣವನ್ನು ತಲೆಗಿಷ್ಟು ಎಂದು ಕೇಳಬೇಡಿ. ರೂಮು, ಗಾಡಿಯ ಖರ್ಚಿನ ಜೊತೆ ಸೇರಿಸಿಬಿಡಿ. ಬಿಡಿಯಾಗಿ ಕೇಳಿದರೆ ‘ನನಗ ಬ್ಯಾಡ, ನೋಡಿ ಕಲೀತೀನಿ’ ಎಂದು ಒಬ್ಬರಾದರೂ ಹಿಂದೆ ಸರಿಯುತ್ತಾರೆ. ಮರುದಿನ ಪೆಟ್ಟು ತಿನ್ನುವವರು ಅವರೇ.

ನಿಮ್ಮಂಥ ಗುಂಪಿಗೆ ಗುಲ್ಮಾರ್ಗ್ ಒಳ್ಳೆಯ ಆಯ್ಕೆ. ಸುಮಾರು 2,650 ಮೀಟರ್ ಎತ್ತರದ ಆ ಬಟ್ಟಲಿನಂಥ ಕಣಿವೆಯಲ್ಲೇ ಹೊಸಬರ ಸಣ್ಣ ಇಳಿಜಾರುಗಳಿವೆ. ತಂತಿಯ ಮೇಲೆ ಸಾಗುವ ಕೇಬಲ್ ಕಾರು ಗೊಂಡೋಲಾದ ಮೊದಲ ಹಂತ ಕೊಂಗದೂರಿಗೆ, ಎರಡನೆಯದು 3,900 ಮೀಟರ್ ದಾಟಿ ಮೇಲಿನ ಬೆಟ್ಟ ಅಫರ್ವಟ್‌ಗೆ ಹೋಗುತ್ತದೆ. ನೀವಿಬ್ಬರು ಬೆಳಿಗ್ಗೆ ಕೊಂಗದೂರಿಯಿಂದ ಕೆಳಕ್ಕೆ ಇಳಿಯಿರಿ. ಹೊಸಬರು ಕೆಳಗೆ ಕಲಿಯಲಿ. ಕಾಕಾ-ಕಾಕು ಗೊಂಡೋಲಾದ ಮೊದಲ ಹಂತದವರೆಗೆ ಹೋಗಿ ಹಿಮ ನೋಡಿ ಬರಲಿ, ಎರಡನೇ ಹಂತ ಬೇಡ. ಮಧ್ಯಾಹ್ನ ಒಂದು ಗಂಟೆಗೆ ಕೆಳಗಿನ ಗೊಂಡೋಲಾ ನಿಲ್ದಾಣದ ಬಳಿ ಗೊತ್ತುಮಾಡಿದ ಒಂದೇ ಹೋಟೆಲಿನಲ್ಲಿ ಎಲ್ಲರೂ ಸೇರಿ. ಫೋನ್ ನಂಬಿ ಕೂರಬೇಡಿ: ಜಮ್ಮು ಮತ್ತು ಕಾಶ್ಮೀರದಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಅಣ್ಣ-ತಮ್ಮಂದಿರಿಗೆ ಕಳಕಳಿಯ ಮಾತು. ಅಫರ್ವಟ್‌ನ ಇಳಿಜಾರುಗಳು ಕೋರ್ಸ್ ಮುಗಿಸಿದ ಧೈರ್ಯಕ್ಕೆ ತಕ್ಕ ಜಾಗವಲ್ಲ. 2023ರ ಫೆಬ್ರುವರಿ 1ರಂದು ಅಲ್ಲಿನ ಹಿಮಕುಸಿತದಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಸತ್ತರು. ಹೋಗಲೇಬೇಕೆಂದರೆ ಆ ದಿನ ಇಳಿಜಾರುಗಳ ಸುರಕ್ಷತೆ ನೋಡುವ ಸ್ಕೀ ಪಟ್ರೋಲ್ ತಂಡ ಏನು ಹೇಳುತ್ತದೆಂದು ಕೇಳಿ, ಸ್ಥಳೀಯ ಗೈಡ್ ಇಲ್ಲದೆ ಕಾಲಿಡಬೇಡಿ.

ಬಾಡಿಗೆ ಸ್ಕೀ ಪಡೆಯುವಾಗ ಬೂಟು ಹಿಡಿದಿಡುವ ಬೈಂಡಿಂಗ್‌ನ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಕಲಿತ ಮಟ್ಟ, ಬೂಟಿನ ಅಟ್ಟೆಯ ಉದ್ದ ನೋಡಿ ಹೊಂದಿಸುತ್ತಾರೆ. ಮನೆಮಂದಿಯ ಮುಂದೆ ತೂಕ ಹೇಳಲು ಕೆಲವರಿಗೆ ಸಂಕೋಚ, ‘ಸ್ವಲ್ಪ ಬರ್ತದ’ ಎನ್ನುವುದು ಇನ್ನು ಕೆಲವರ ಹುರುಪು. ಸುಳ್ಳು ಲೆಕ್ಕದಿಂದ ಬೈಂಡಿಂಗ್ ಬಿಗಿಯಾದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ, ಕಾಲು ತಿರುಚುತ್ತದೆ. ಒಬ್ಬೊಬ್ಬರನ್ನೇ ಅಂಗಡಿಯೊಳಗೆ ಕಳಿಸಿ. ಎಲ್ಲರ ತಲೆಗೂ ಹೆಲ್ಮೆಟ್ ಇರಲಿ. ಕೆಳಗಿರುವವರಿಗೆ ದಾರಿ ಬಿಡುವುದು ಮೇಲಿನಿಂದ ಬರುವವರ ಹೊಣೆ ಎಂಬುದನ್ನು ಮಗಳಿಗೆ ಮೊದಲೇ ಹೇಳಿಕೊಡಿ.

ಈಗಿನಿಂದಲೇ ನೃಪತುಂಗ ಬೆಟ್ಟದ ಮೆಟ್ಟಿಲು ಹತ್ತಿಳಿಯಿರಿ. ಇಳಿಯುವುದೇ ತೊಡೆಗೆ ನಿಜವಾದ ತಯಾರಿ. ತಲುಪಿದ ದಿನ ಸ್ಕೀ ಬೇಡ. ಹುಬ್ಬಳ್ಳಿಯ ಎತ್ತರದಿಂದ ಹೋದವರಿಗೆ ಅಲ್ಲಿ ತಲೆನೋವು, ಏದುಸಿರು ಬರಬಹುದು, ಒಂದು ದಿನ ಸುಮ್ಮನೆ ಓಡಾಡಲಿ. ಕಾಕಾ ತಮ್ಮ ವೈದ್ಯರನ್ನು ಒಮ್ಮೆ ಕೇಳಿಯೇ ಹೊರಡಲಿ. ರದ್ದು ಮಾಡಿದರೆ ಹಣ ಮರಳುವಂಥ ರೂಮು ಕಾಯ್ದಿರಿಸಿ. 2025ರಲ್ಲಿ ಹಿಮವಿಲ್ಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು.

ಪ್ರಶ್ನೆ: ಸ್ಕೀ ಬೂಟು ಬಹಳ ಕಚ್ಚುತ್ತದೆ, ಎರಡು ಮೂರು ಜೊತೆ ಕಾಲುಚೀಲ ಒಯ್ಯಿರಿ ಎನ್ನುತ್ತಾರೆ. ನಿಜವೇ?
– ಗದಗ

ಉತ್ತರ: ಒಯ್ಯಿರಿ, ಆದರೆ ಒಮ್ಮೆಗೆ ಒಂದೇ ಹಾಕಿ. ಉಣ್ಣೆಯ ತೆಳ್ಳನೆಯ ಉದ್ದ ಚೀಲ ಸಾಕು. ಒಂದರ ಮೇಲೊಂದು ಹಾಕಿದರೆ ಮಡಿಕೆ ಬಿದ್ದು ಕಾಲು ಕಚ್ಚುತ್ತದೆ, ರಕ್ತ ಆಡದೆ ಬೆರಳು ಇನ್ನೂ ತಣ್ಣಗಾಗುತ್ತವೆ. ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳು ಮುಂದೆ ತುಸು ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದು, ಬದಲಿಸಿಕೊಳ್ಳಿ.