ನೈಟ್ರೋ ಟ್ರಕ್‌ಗೆ ವಾಟರ್ ಸರ್ವಿಸ್ ಮಾಡಿಸಬಹುದೇ?

ನೀವು ಕೇಳಿರುವುದು ಇಷ್ಟು: ಯಾರಿಂದಲೋ ಹಳೆಯ ನೈಟ್ರೋ ರಿಮೋಟ್ ಟ್ರಕ್ (ನೈಟ್ರೋ ಇಂಧನದ ಸಣ್ಣ ಎಂಜಿನ್ನಿನಿಂದ ಓಡುವ ಆಟದ ಗಾಡಿ) ಕೊಂಡಿದ್ದೀರಿ. ಅವರು ಅದನ್ನು ಓಡಿಸಿ, ಒರೆಸದೆ ಬಾಲ್ಕನಿಯಲ್ಲಿ ಬಿಟ್ಟಿದ್ದರು. ಈಗ ಅಡಿಭಾಗದ ತುಂಬ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು, ಹಗ್ಗ ಎಳೆದರೆ ಎಂಜಿನ್ ತಿರುಗುವುದಿಲ್ಲ. ಮನೆ ಹತ್ತಿರದ ಬೈಕ್ ವಾಟರ್ ಸರ್ವಿಸ್‌ನಲ್ಲಿ ಒಮ್ಮೆ ನೀರು ಹೊಡೆಸಿಬಿಡಲೇ ಎಂಬುದು ನಿಮ್ಮ ಪ್ರಶ್ನೆ.

ದಯವಿಟ್ಟು ಬೇಡ. ಆ ಒತ್ತಡದ ನೀರು ಬೇರಿಂಗ್‌ಗಳ ಸೀಲ್ ದಾಟಿ ಒಳಗಿನ ಗ್ರೀಸನ್ನು ತೊಳೆದುಹಾಕುತ್ತದೆ, ಸರ್ವೋ (ಸ್ಟೀರಿಂಗ್ ತಿರುಗಿಸುವ ಸಣ್ಣ ಮೋಟಾರ್) ಮತ್ತು ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆ) ಒಳಗೆ ನುಗ್ಗುತ್ತದೆ, ಕಾರ್ಬುರೇಟರಿನ ಬಾಯಿ ತೆರೆದಿದ್ದರೆ ಮಣ್ಣನ್ನು ನೇರವಾಗಿ ಎಂಜಿನ್ನಿನ ಹೊಟ್ಟೆಗೆ ತಳ್ಳುತ್ತದೆ. ನಾನು ಕಂಡ ಮಟ್ಟಿಗೆ ಈ ಗಾಡಿಗಳು ಓಡಿ ಕೆಟ್ಟದ್ದಕ್ಕಿಂತ ತೊಳೆಯುವ ಅವಸರದಲ್ಲಿ ಕೆಟ್ಟದ್ದೇ ಹೆಚ್ಚು. ಕೊಳೆ ಎಷ್ಟಿದೆ ಎಂಬುದಕ್ಕಿಂತ ಅದನ್ನು ಯಾವ ಕ್ರಮದಲ್ಲಿ ತೆಗೆಯುತ್ತೀರಿ ಎಂಬುದು ಮುಖ್ಯ. ಮೊದಲು ಒಣಮಣ್ಣು, ಆಮೇಲೆ ಎಣ್ಣೆ, ಎಲ್ಲಕ್ಕಿಂತ ಕೊನೆಗೆ ಎಂಜಿನ್.

ಇಷ್ಟು ಕೊಳೆ ಅಂಟುವುದೇಕೆ ಎಂದು ತಿಳಿದರೆ ಕೆಲಸ ಅರ್ಧ ಮುಗಿದ ಹಾಗೆ. ನೈಟ್ರೋ ಇಂಧನದಲ್ಲಿ ದೊಡ್ಡ ಪಾಲು ಮೆಥನಾಲ್, ಸಾಮಾನ್ಯವಾಗಿ ಶೇಕಡಾ 10ರಿಂದ 30ರವರೆಗೆ ನೈಟ್ರೋಮೀಥೇನ್, ಉಳಿದದ್ದು ಎಣ್ಣೆ. ಈ ಎಣ್ಣೆಯಲ್ಲಿ ಬಹಳ ಸಲ ನಮ್ಮ ಹರಳೆಣ್ಣೆಯೂ ಇರುತ್ತದೆ. ಟು-ಸ್ಟ್ರೋಕ್ ಎಂಜಿನ್ ಆದ್ದರಿಂದ ಎಣ್ಣೆ ಪೂರ್ತಿ ಸುಡುವುದಿಲ್ಲ. ಸೈಲೆನ್ಸರಿನಿಂದ ಹೊರಬಂದು ಗಾಡಿಯ ಮೈಮೇಲೆ ಕೂರುತ್ತದೆ. ಅದರ ಮೇಲೆ ಬೆಂಗಳೂರಿನ ಖಾಲಿ ಸೈಟುಗಳ ಧೂಳು. ಕೆಮ್ಮಣ್ಣು ಒಂದೇ ಆಗಿದ್ದರೆ ಇಷ್ಟು ಚಿಂತೆಯಿರಲಿಲ್ಲ. ಈಗ ಯಾವ ಬಡಾವಣೆಗೆ ಹೋದರೂ ಎಂ-ಸ್ಯಾಂಡ್ ರಾಶಿ ಇದ್ದೇ ಇರುತ್ತದೆ. ಅದು ಕಲ್ಲು ಪುಡಿ ಮಾಡಿದ ಮರಳು, ಹೊಳೆಮರಳಿಗಿಂತ ಅಂಚು ಚೂಪು. ಅದರ ಒಂದು ಚಿಟಿಕೆ ಎಂಜಿನ್ ಒಳಗೆ ಹೋದರೂ ಪಿಸ್ಟನ್ ಮತ್ತು ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಗೀಚಿಹೋಗುತ್ತವೆ.

ತಾರಸಿಯಲ್ಲಿ, ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ಬ್ಯಾಟರಿ ಕಳಚಿ. ಏರ್ ಫಿಲ್ಟರನ್ನು ಈಗಲೇ ಬಿಚ್ಚಬೇಡಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸೈಲೆನ್ಸರಿನ ಬಾಯಿಗೂ ಒಂದು ಚೂರು ಬಟ್ಟೆ ತುರುಕಿ. ಇಷ್ಟಾದ ಮೇಲೆ ಒಣ ಪೇಂಟ್ ಬ್ರಷ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಉದುರುವ ಮಣ್ಣನ್ನೆಲ್ಲ ಉದುರಿಸಿ. ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಸಬಹುದು, ಆದರೆ ಪೈಪನ್ನು ಬೇರಿಂಗ್ ಅಥವಾ ಕಾರ್ಬುರೇಟರ್ ಕಡೆಗೆ ತಿರುಗಿಸಬಾರದು.

ಎಣ್ಣೆಗೆ ನಮ್ಮ ಮೆಕ್ಯಾನಿಕ್‌ಗಳ ಕೈ ಮೊದಲು ಹೋಗುವುದು ಸೀಮೆಎಣ್ಣೆ ಅಥವಾ ಪೆಟ್ರೋಲಿಗೆ. ಇಲ್ಲಿ ಅದು ಅಷ್ಟಾಗಿ ಕೆಲಸಕ್ಕೆ ಬಾರದು. ಹರಳೆಣ್ಣೆ ಪೆಟ್ರೋಲಿಯಂ ಜಾತಿಯ ದ್ರವಗಳಲ್ಲಿ ಚೆನ್ನಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಮೇಲಾಗಿ ಪೆಟ್ರೋಲು ತಾಗಿದರೆ ಇಂಧನದ ಸಿಲಿಕೋನ್ ಪೈಪುಗಳು ಊದಿಕೊಳ್ಳುತ್ತವೆ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೊಬೈಲ್ ರಿಪೇರಿಯವರಿಗಾಗಿ ಇಟ್ಟಿರುತ್ತಾರೆ, ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಸ್ಪ್ರೇ ಬಾಟಲಿಗೆ ತುಂಬಿ ಸ್ವಲ್ಪ ಸ್ವಲ್ಪವೇ ಹೊಡೆದು, ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಸುರಿಯುತ್ತಾ ಹೋದರೆ ಕೊಳೆ ಕರಗಿ ಬೇರಿಂಗ್‌ಗೆ ಇಳಿಯುತ್ತದೆ. ಬೆಂಕಿಕಡ್ಡಿ, ಸಿಗರೇಟು, ದೇವರ ದೀಪ ಯಾವುದೂ ಹತ್ತಿರ ಇರಬಾರದು. ಹೊರಗಿನ ಪಾಲಿಕಾರ್ಬೊನೇಟ್ ಬಾಡಿಯನ್ನು ಮಾತ್ರ ಸೋಪುನೀರಿನಲ್ಲಿ ಧಾರಾಳವಾಗಿ ತೊಳೆಯಬಹುದು. ಥಿನ್ನರ್ ತಾಗಿಸಿದರೆ ಅದು ಬಿರುಕು ಬಿಡುತ್ತದೆ.

ಎಂಜಿನ್ ತಲೆಯ ರೆಕ್ಕೆಗಳ ನಡುವಿನ ಮಣ್ಣನ್ನು ಅಲಂಕಾರದ ವಿಷಯವೆಂದು ಬಿಡಬೇಡಿ. ಎಂಜಿನ್ ತಣ್ಣಗಾಗಲು ಇರುವುದು ಅವೇ. ಮರದ ಟೂತ್‌ಪಿಕ್‌ನಿಂದ ಒಂದೊಂದು ಸಂದನ್ನೂ ಕೆರೆದು ತೆಗೆಯಿರಿ. ಬೇಸರದ ಕೆಲಸ, ಹಾಡು ಹಾಕಿಕೊಳ್ಳಿ.

ಇಷ್ಟಾದ ಮೇಲೆ ಬಿಚ್ಚುವುದು. 1.5, 2, 2.5 ಮತ್ತು 3 ಮಿಲಿಮೀಟರ್ ಅಲೆನ್ ಕೀಗಳು ಹೆಚ್ಚಿನ ಗಾಡಿಗಳಿಗೆ ಸಾಕು. ಅಗ್ಗದ ಕೀ ಕೊಂಡರೆ ಸ್ಕ್ರೂವಿನ ತಲೆ ಸವೆಯುತ್ತದೆ, ಇಲ್ಲಿ ಜಿಪುಣತನ ಬೇಡ. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಇಡ್ಲಿ ತಟ್ಟೆಯಲ್ಲಿ ಒಂದೊಂದು ಜಾಗದ್ದು ಒಂದೊಂದು ಗುಳಿಯಲ್ಲಿ ಇಡಿ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಈಗ ಕಚ್ಚಿಕೊಂಡ ಎಂಜಿನ್. ನಿಮ್ಮದು ಸತ್ತಿಲ್ಲ ಎಂದೇ ನನ್ನ ಊಹೆ. ಒಳಗೆ ಉಳಿದ ಹರಳೆಣ್ಣೆ ಒಣಗಿ ಅಂಟಾಗಿರಬೇಕು. ಇನ್ನೊಂದು ಕಾರಣವೂ ಇರಬಹುದು: ಈ ಸಣ್ಣ ಎಂಜಿನ್‌ಗಳ ಸ್ಲೀವ್ ಮೇಲಕ್ಕೆ ಹೋದಂತೆ ತುಸು ಕಿರಿದಾಗುತ್ತದೆ, ಪಿಸ್ಟನ್ ತುದಿಯಲ್ಲಿ ನಿಂತು ತಣ್ಣಗಾದರೆ ಅಲ್ಲಿಯೇ ಬಿಗಿಯಾಗಿ ಕೂರುತ್ತದೆ. ಹಗ್ಗ ಎಳೆಯುವುದನ್ನು ನಿಲ್ಲಿಸಿ, ಹಗ್ಗವೋ ಒನ್‌ವೇ ಬೇರಿಂಗೋ ಮುರಿಯುತ್ತದೆ. ಗ್ಲೋ ಪ್ಲಗ್ (ಎಂಜಿನ್ ತಲೆಯಲ್ಲಿ ಇಂಧನ ಹೊತ್ತಿಸುವ ಪ್ಲಗ್) ಸುತ್ತ ಚೆನ್ನಾಗಿ ಒರೆಸಿ ಪ್ಲಗ್ ಬಿಚ್ಚಿ. ಆ ತೂತಿನಲ್ಲಿ ನಾಲ್ಕೈದು ಹನಿ ಆಫ್ಟರ್-ರನ್ ಎಣ್ಣೆ (ಓಡಿಸಿದ ಮೇಲೆ ಎಂಜಿನ್ ಕಾಪಾಡಲು ಬಿಡುವ ಎಣ್ಣೆ) ಬಿಡಿ. ಸ್ಪ್ರೇ ಹೊಡೆದ ಆಲ್ಕೋಹಾಲ್ ಪೂರ್ತಿ ಆರಿದೆ ಎಂದು ಖಾತ್ರಿ ಮಾಡಿಕೊಂಡು ಹೇರ್ ಡ್ರೈಯರ್‌ನಿಂದ ತಲೆಯನ್ನು ಬೆಚ್ಚಗೆ ಮಾಡಿ, ಕೈ ಇಟ್ಟರೆ ಸುಡುವಷ್ಟು. ಬಿಸಿಗೆ ಅಂಟು ಕರಗುತ್ತದೆ, ಹಿತ್ತಾಳೆಯ ಸ್ಲೀವ್ ಇದ್ದರೆ ಅದು ಪಿಸ್ಟನ್‌ಗಿಂತ ಹೆಚ್ಚು ಹಿಗ್ಗಿ ಜಾಗ ಕೊಡುತ್ತದೆ. ಆಗ ಫ್ಲೈವೀಲನ್ನು (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಬೆರಳಿನಿಂದ ಅತ್ತಿತ್ತ ಅಲುಗಾಡಿಸಿ. ಮೊದಲು ಕೂದಲೆಳೆಯಷ್ಟು, ಆಮೇಲೆ ಕಾಲು ಸುತ್ತು. ಬಿಡಲಿಲ್ಲವೆಂದರೆ ಮತ್ತೆ ಎಣ್ಣೆ, ಮತ್ತೆ ಬಿಸಿ. ಸೈಲೆನ್ಸರಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಪಿಸ್ಟನ್ ತಳ್ಳುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ.

ತಿರುಗಿದ ಮೇಲೆ ಗರಗರ ಎನ್ನುತ್ತದೆಯೇ ಗಮನಿಸಿ. ಮೆತ್ತಗೆ ತಿರುಗಿದರೆ ಒಳಗೆ ಕೈ ಹಾಕುವ ಅಗತ್ಯವಿಲ್ಲ. ಮರಳಿನ ಸದ್ದಿದ್ದರೆ ಎಂಜಿನ್ನಿನ ಹಿಂದಿನ ಮುಚ್ಚಳ ಬಿಚ್ಚಿ ತೊಳೆದು ನೋಡಲೇಬೇಕು.

ಏರ್ ಫಿಲ್ಟರ್ ವಿಷಯದಲ್ಲಿ ನಾನು ಹಟಮಾರಿ. ಇಡೀ ಗಾಡಿ ಕೊಳೆಯಾಗಿದ್ದರೂ ಅದೊಂದು ಸ್ವಚ್ಛವಾಗಿರಬೇಕು. ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಿ. ಪುಡಿಪುಡಿಯಾದರೆ ಎಸೆದು ಹೊಸದು ಹಾಕಿ, ವರ್ಷಗಟ್ಟಲೆ ಬಿದ್ದಿದ್ದರೆ ಪುಡಿಯಾಗುವುದೇ ಹೆಚ್ಚು. ಚೆನ್ನಾಗಿದ್ದರೆ ಪಾತ್ರೆ ತೊಳೆಯುವ ಸೋಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಅದುಮಿ ಅದುಮಿ ತೊಳೆಯಿರಿ, ಹಿಂಡಿ ತಿರುಚಬೇಡಿ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಾಕಿ ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ಅದುಮಿ. ಆಮೇಲೆ ಫಿಲ್ಟರಿನ ರಬ್ಬರ್ ಕುತ್ತಿಗೆಯನ್ನು ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಕಣ್ಣಿಗೆ ಕಾಣದಂತಿದ್ದ ಸೀಳು ಆಗ ಕಾಣುತ್ತದೆ. ಆ ಸೀಳಿನಿಂದ ಹೋಗುವ ಧೂಳಿಗೆ ಫಿಲ್ಟರ್ ಇದ್ದೂ ಇಲ್ಲದಂತೆ. ಕೂರಿಸುವಾಗ ಜಿಪ್ ಟೈ ಕಟ್ಟುವುದನ್ನು ಮರೆಯಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಇಂಧನದ ಪೈಪುಗಳು ಹಳದಿಗಟ್ಟಿ ಗಡುಸಾಗಿದ್ದರೆ ಬದಲಿಸಿ, ಟ್ಯಾಂಕ್ ಮುಚ್ಚಳದ ಓ-ರಿಂಗ್ ಕೂಡ. ಕ್ಲಚ್ ಬೆಲ್ (ಕ್ಲಚ್ ಶೂಗಳ ಮೇಲೆ ಕೂರುವ ಬಟ್ಟಲು) ಬೇರಿಂಗ್‌ಗಳು ಮೊದಲು ಹೋಗುವ ಭಾಗ. ಬೆರಳಲ್ಲಿ ತಿರುಗಿಸಿ ಒರಟೆನಿಸಿದರೆ ಅಳತೆ ತೆಗೆದು ಹೊಸದು ತನ್ನಿ. ಹೊಸದಕ್ಕೆ ಒಂದು ಹನಿ ಎಣ್ಣೆ ಸಾಕು, ಕ್ಲಚ್ ಶೂಗಳಿಗೆ ಎಣ್ಣೆ ತಾಗಿದರೆ ಗಾಡಿ ಜಾರುತ್ತದೆ. ಲೋಹಕ್ಕೆ ಲೋಹ ಕೂಡುವ ಸ್ಕ್ರೂಗಳಿಗೆ, ಅವು ಸಡಿಲವಾಗದಂತೆ, ನೀಲಿ ಥ್ರೆಡ್‌ಲಾಕ್ ಹಾಕಿ, ಪ್ಲಾಸ್ಟಿಕ್‌ಗೆ ಬೇಡ.

ಕಾರ್ಬುರೇಟರಿನ ಸೂಜಿಗಳನ್ನು (ಇಂಧನದ ಪ್ರಮಾಣ ಹದ ಮಾಡುವ ಸ್ಕ್ರೂಗಳು) ಸುಮ್ಮನೆ ತಿರುಗಿಸಬೇಡಿ. ತಿರುಗಿಸಲೇಬೇಕಾದರೆ ಪೂರ್ತಿ ಮುಚ್ಚಲು ಎಷ್ಟು ಸುತ್ತು ಬಂತೆಂದು ಬರೆದಿಟ್ಟುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಕರಾವಳಿಗಿಂತ ಸುಮಾರು ಶೇಕಡಾ 10ರಷ್ಟು ತೆಳು. ಇಲ್ಲಿ ಹದ ಮಾಡಿದ ಗಾಡಿಯನ್ನು ಮಂಗಳೂರಿಗೆ ಒಯ್ದು ಹಾಗೆಯೇ ಓಡಿಸಿದರೆ ಇಂಧನ ಸಾಲದೆ ಎಂಜಿನ್ ಕಾದುಹೋಗುತ್ತದೆ.

ಮುಂದೆ ಪ್ರತಿ ಸಲ ಓಡಿಸಿದ ಮೇಲೆ ಟ್ಯಾಂಕಿನ ಇಂಧನ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಪೈಪಿನಲ್ಲಿ ಉಳಿದದ್ದನ್ನು ಸುಡಿಸಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಒಳಗೆ ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಇನ್ನೂ ಬೇಗ. ತಣ್ಣಗಾದ ಮೇಲೆ ಆಫ್ಟರ್-ರನ್ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸಿ, ಪಿಸ್ಟನ್ ಕೆಳಗಿರುವಂತೆ ನಿಲ್ಲಿಸಿ. ಆ ಜಾಗಕ್ಕೆ ಫ್ಲೈವೀಲ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟರೆ ಪ್ರತಿ ಸಲ ಪ್ಲಗ್ ಬಿಚ್ಚಿ ನೋಡಬೇಕಾಗಿಲ್ಲ.

ಇಂಧನವನ್ನು ನೀರಿನ ಬಾಟಲಿಗೆ ಎಂದಿಗೂ ಸುರಿದಿಡಬೇಡಿ. ಅನೇಕ ಇಂಧನಗಳಿಗೆ ಗುಲಾಬಿ ಬಣ್ಣ ಹಾಕಿರುತ್ತಾರೆ, ನೋಡಲು ಶರಬತ್ತಿನಂತೆಯೇ ಇರುತ್ತದೆ, ಮಕ್ಕಳು ಕುಡಿದರೆ ಕಣ್ಣೂ ಪ್ರಾಣವೂ ಹೋಗುತ್ತವೆ. ಮೆಥನಾಲ್ ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಾಣುವುದೂ ಕಷ್ಟ. ಮೆಟ್ರೋದಲ್ಲಿ ಒಯ್ಯಲು ಬಿಡುವುದಿಲ್ಲ, ಪ್ರಯತ್ನಿಸಬೇಡಿ.

ಎಂಜಿನ್ ತಿರುಗಿತೋ ಇಲ್ಲವೋ ಇಲ್ಲಿಯೇ ತಿಳಿಸಿ. ಹಿಂದಿನ ಮುಚ್ಚಳ ಬಿಚ್ಚಬೇಕಾಗಿ ಬಂದರೆ ಬಿಚ್ಚಿದ ಕೂಡಲೇ, ಏನನ್ನೂ ಒರೆಸುವ ಮೊದಲು, ಒಂದು ಫೋಟೋ ಹಾಕಿ.