ಆರೋಗ್ಯ ಪ್ರಶ್ನೋತ್ತರ: ಬಿಪಿ ಹತೋಟಿಗೆ ಬಂದ ಮೇಲೂ ಮಾತ್ರೆ ಬೇಕೇ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಎರಡು ವರ್ಷಗಳ ಹಿಂದೆ ರಕ್ತದೊತ್ತಡ 170/100 ಇದೆಯೆಂದು ತಿಳಿದಾಗ ದಾವಣಗೆರೆಯ ತಜ್ಞವೈದ್ಯರೊಬ್ಬರು ಆಮ್ಲೋಡಿಪಿನ್ ಮಾತ್ರೆ ಬರೆದುಕೊಟ್ಟಿದ್ದರು. ಇತ್ತೀಚೆಗೆ 130/80 ಬಂದಿತ್ತು. ಬಿಪಿ ಸರಿಹೋಯಿತು, ಮಾತ್ರೆಯಿಂದ ಪಾದ ಊದಿಕೊಳ್ಳುತ್ತದೆ ಎಂದು ಹೇಳಿ ಕಳೆದ ತಿಂಗಳು ಅದನ್ನು ನಿಲ್ಲಿಸಿಬಿಟ್ಟರು. ದಾವಣಗೆರೆಗೆ ಕರೆದುಕೊಂಡು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಂಬಬಹುದೇ?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: 130/80 ಎಂಬುದು ನಿಮ್ಮ ತಾಯಿಯವರು ಮಾತ್ರೆ ನುಂಗುತ್ತಿದ್ದಾಗ ಬಂದ ಅಳತೆ, ಕಾಯಿಲೆ ವಾಸಿಯಾಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ, ಔಷಧ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ. ಮಾತ್ರೆ ಬಿಟ್ಟ ಬಳಿಕ ಒತ್ತಡ ಮತ್ತೆ ಏರಿದರೂ ತಲೆನೋವಾಗಲಿ ತಲೆಸುತ್ತಾಗಲಿ ಕಾಣಿಸಿಕೊಳ್ಳಬೇಕೆಂದಿಲ್ಲವಾದ್ದರಿಂದ, ‘ಚೆನ್ನಾಗಿದ್ದೇನೆ’ ಎಂಬ ಅವರ ಮಾತನ್ನು ನೆಚ್ಚಿಕೊಂಡು ಕೂರದೆ ಈ ವಾರವೇ ಬಿಪಿ ನೋಡಿಸಿ.

ಪಾದದ ಊತವನ್ನು ಅವರು ಕಲ್ಪಿಸಿಕೊಂಡು ಹೇಳುತ್ತಿಲ್ಲ. ಅದು ಆಮ್ಲೋಡಿಪಿನ್‌ನಿಂದ ಆಗಬಹುದಾದ ತೊಂದರೆಯೇ. ಪ್ರಮಾಣ ತಗ್ಗಿಸಿದರೆ ಅಥವಾ ಬೇರೆ ಬಗೆಯ ಮಾತ್ರೆಗೆ ಬದಲಾಯಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಲೂ ಪಾದ ಊದಿಕೊಳ್ಳುವುದುಂಟು. ಆದ್ದರಿಂದ ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತ ಪರೀಕ್ಷೆ), ಇಸಿಜಿ ಒಮ್ಮೆ ಆಗಲಿ. ಇವು ನಿಮ್ಮ ಊರಿನ ಕೇಂದ್ರದಲ್ಲಿ ಇಲ್ಲದಿದ್ದರೆ ಜಗಳೂರಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಇನ್ನು ನಂಬಿಕೆಯ ಮಾತು. ಬಿಪಿಗೆ ಬೇಕಾದದ್ದು ಆರು ತಿಂಗಳಿಗೊಮ್ಮೆ ಸಿಗುವ ದೊಡ್ಡ ತಜ್ಞರಿಗಿಂತ ತಿಂಗಳು ತಿಂಗಳು ತಪ್ಪದೆ ಅಳೆದು, ಬರೆದಿಟ್ಟು, ಮಾತ್ರೆ ಕೊಡುವ ಒಂದು ಜಾಗ ಎಂಬುದು ನನ್ನ ಅಭಿಪ್ರಾಯ. ಸರ್ಕಾರಿ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆಯನ್ನೂ ಸಾಮಾನ್ಯ ಬಿಪಿ ಮಾತ್ರೆಗಳನ್ನೂ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮಾತ್ರೆಯ ದಾಸ್ತಾನು ಮುಗಿದಿದೆ ಎಂಬ ಉತ್ತರ ಕೆಲವೊಮ್ಮೆ ಸಿಗುವುದೂ ನಿಜ. ಅಂಥ ತಿಂಗಳು ಮಾತ್ರೆ ತಪ್ಪಿಸದೆ ಚೀಟಿ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳಿ. ದಾವಣಗೆರೆಯ ಹಳೆಯ ಚೀಟಿಯನ್ನು ಕೇಂದ್ರದ ವೈದ್ಯರಿಗೆ ತೋರಿಸಲು ಸಂಕೋಚ ಬೇಡ.

ಬಸ್ಸಿಳಿದು ನಡೆದು ಬಂದ ಕೂಡಲೇ ಅಳೆಸಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತನಾಡದೆ ಅಳೆಸಿದರೆ ಸರಿಯಾದ ಸಂಖ್ಯೆ ಸಿಗುತ್ತದೆ. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ, ಟೀ ಬೇಡ. ಉಪ್ಪು ದಿನಕ್ಕೆ ಒಂದು ಟೀ ಚಮಚ ಮೀರದಿರಲಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕದಲ್ಲೇ ಬರಲಿ.

ಎಂದಾದರೂ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಸೋತರೆ ಅಥವಾ ಮಾತು ತೊದಲಿದರೆ ಮಾತ್ರ ಊರಿನ ಕೇಂದ್ರಕ್ಕೆ ಹೋಗಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಇವು ಪಾರ್ಶ್ವವಾಯುವಿನ (ಲಕ್ವ) ಲಕ್ಷಣಗಳು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಬಿಪಿಎಲ್ ಕುಟುಂಬ. ತಿಂಗಳ ಬಿಪಿ ಮಾತ್ರೆಯ ಖರ್ಚು ಆಯುಷ್ಮಾನ್ ಕಾರ್ಡಿನಲ್ಲಿ ಸಿಗುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಸಿಗುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ನೆರವು ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಿರಿ. ಅದಿಲ್ಲದೆ ದಾಖಲಾಗಿ ಆಮೇಲೆ ಬಿಲ್ ಹಿಡಿದು ಅಲೆಯುವವರ ಪತ್ರಗಳು ನನಗೆ ಆಗಾಗ ಬರುತ್ತಿರುತ್ತವೆ.